ಕನ್ನಡದ ಆರು ಸ್ವರ್ಣ ಕಮಲ: ನಿಮ್ಮ ಲಿಸ್ಟ್ ಹಾಕಿ (ನಾನು ದ್ವೀಪ ಕೊನೆಗೆ ಇಟ್ಟಿದ್ದೇನೆ, ಬೈಯಿರಿ)

ಗಾಂಧಿ ಕ್ಲಾಸ್
ಮೂರು ವಾರದಿಂದ ಮನೆಯಲ್ಲಿ ಬೈಸಿಕೊಂಡು ಒಂದೇ ಕೆಲಸ ಮಾಡುತ್ತಿದ್ದೇನೆ. ಕನ್ನಡಕ್ಕೆ ಸ್ವರ್ಣ ಕಮಲ ತಂದ ಆರೂ ಸಿನಿಮಾ ವರ್ಷದ ಲೆಕ್ಕದಲ್ಲೇ ಒಂದಾದ ಮೇಲೊಂದು ನೋಡಿ ಮುಗಿಸಿದೆ. ಸಂಸ್ಕಾರ (1970), ಚೋಮನ ದುಡಿ (1975), ಘಟಶ್ರಾದ್ಧ (1977), ತಬರನ ಕಥೆ (1986), ತಾಯಿ ಸಾಹೇಬ (1997), ದ್ವೀಪ (2001). ಇಸವಿ ಪ್ರಶಸ್ತಿಯದು, ಬಿಡುಗಡೆಯದಲ್ಲ, ಅದಕ್ಕೆ ಜಗಳ ಬೇಡ. ಸ್ವರ್ಣ ಕಮಲ ಬೇರೆ ಕೆಲವು ವಿಭಾಗಕ್ಕೂ ಕೊಡುತ್ತಾರೆ, ನಾನು ಹೇಳುತ್ತಿರುವುದು ರಾಷ್ಟ್ರ ಪ್ರಶಸ್ತಿಯಲ್ಲಿ ಇಡೀ ದೇಶದ ಅತ್ಯುತ್ತಮ ಚಿತ್ರ ಎನ್ನುವ ಪ್ರಶಸ್ತಿ. 'ಅತ್ಯುತ್ತಮ ಕನ್ನಡ ಚಿತ್ರ' ಬೇರೆ.

ಆಸ್ಕರ್ ತರಹ ನಾಮಿನೇಷನ್ ಪಟ್ಟಿ ನಮ್ಮಲ್ಲಿ ಹೊರಗೆ ಬರುವುದಿಲ್ಲ. ಜ್ಯೂರಿ ಒಳಗೆ ಕೂತು ನೋಡುತ್ತದೆ, ಹೊರಗೆ ಬಂದು ಹೆಸರು ಓದುತ್ತದೆ, ಅಷ್ಟೇ. ಹಾಗಾಗಿ ಗೆದ್ದ ಆರನ್ನೇ ನಾಮಿನಿ ಅಂದುಕೊಂಡು ಆಡೋಣ. ನನ್ನದು ಇದು: ಘಟಶ್ರಾದ್ಧ, ಚೋಮನ ದುಡಿ, ತಬರನ ಕಥೆ, ಸಂಸ್ಕಾರ, ತಾಯಿ ಸಾಹೇಬ, ದ್ವೀಪ.

ದ್ವೀಪ ಯಾಕೆ ಕೊನೆಗೆ ಅಂದರೆ, ಮಳೆ, ಮಳೆ, ಮಳೆ. ಕ್ಯಾಮೆರಾ ಚೆನ್ನಾಗಿದೆ, ಒಪ್ಪಿದೆ. ಆದರೆ ನಡುವೆ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ, ವಾಪಸ್ ಬಂದಾಗಲೂ ಮಳೆಯೇ ಬರುತ್ತಿತ್ತು.

ಲಿಸ್ಟ್ ಜೊತೆಗೆ, ಗೆಲ್ಲಬೇಕಿತ್ತು ಆದರೆ ಗೆಲ್ಲಲಿಲ್ಲ ಅನ್ನುವ ಒಂದು ಕನ್ನಡ ಸಿನಿಮಾ ಹೆಸರೂ ಹೇಳಿ.

ಕಡಲೆಕಾಯಿ ಪೊಟ್ಟಣ
ಕಾಂತಾರ ಎಲ್ಲಿ?

ಗಾಂಧಿ ಕ್ಲಾಸ್
ಬಂತು ನೋಡಿ. ಕಾಂತಾರಕ್ಕೆ ಸಿಕ್ಕಿದ್ದು ಜನಪ್ರಿಯ ಮನರಂಜನೆಯ ಪ್ರಶಸ್ತಿ, ರಿಷಬ್ ಶೆಟ್ಟಿಗೆ ಅತ್ಯುತ್ತಮ ನಟ. ಆ ವರ್ಷದ, ಅಂದರೆ 2022ರ, ಅತ್ಯುತ್ತಮ ಚಿತ್ರ ಪ್ರಶಸ್ತಿ ಹೋಗಿದ್ದು ಮಲಯಾಳಂನ ಆಟ್ಟಂಗೆ. ದ್ವೀಪ ಆದಮೇಲೆ ನಮಗೆ ಅತ್ಯುತ್ತಮ ಚಿತ್ರ ಬಂದೇ ಇಲ್ಲ.

ತುಂಗಾ ತೀರ
ಸಂಸ್ಕಾರ ನಾಲ್ಕನೆಯದಾ? ಬಾಗಿಲು ಒಡೆದವರನ್ನು ನಾಲ್ಕನೇ ಸಾಲಿನಲ್ಲಿ ಕೂರಿಸಿದ ಹಾಗಾಯಿತು. ಆ ಸಿನಿಮಾ ಬರದಿದ್ದರೆ ಉಳಿದ ಐದು ಬರುತ್ತಿದ್ದವಾ ಹೇಳಿ. ಮದ್ರಾಸಿನ ಸೆನ್ಸಾರ್‌ನವರು ಬಿಡುಗಡೆಗೆ ಒಪ್ಪಲೇ ಇಲ್ಲ, ದೆಹಲಿಯವರೆಗೆ ಹೋಗಿ ಬಿಡಿಸಿಕೊಂಡು ಬಂದರು. ಅದೇ ಸಿನಿಮಾಕ್ಕೆ ಆಮೇಲೆ ರಾಷ್ಟ್ರಪತಿ ಪದಕ!

ಅದನ್ನು ಮಾಡಿದ ಗುಂಪು ನೋಡಿ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ, ತೆಲುಗಿನ ಕವಿ. ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಪ್ರಾಣೇಶಾಚಾರ್ಯ ಗಿರೀಶ್ ಕಾರ್ನಾಡ್, ನಾರಣಪ್ಪ ಲಂಕೇಶ್. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು, ಅಸ್ತಮಾ ಇತ್ತು, 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಅದು ಗೊತ್ತಾದ ಮೇಲೆ ಚಂದ್ರಿಯ ಮುಖ ತೆರೆ ಮೇಲೆ ಬಂದಾಗಲೆಲ್ಲ ನನಗೆ ಬೇರೆ ಏನೋ ಕಾಣುತ್ತದೆ.

ನನ್ನ ಲಿಸ್ಟ್: ಸಂಸ್ಕಾರ, ತಬರನ ಕಥೆ, ಘಟಶ್ರಾದ್ಧ, ಚೋಮನ ದುಡಿ, ದ್ವೀಪ, ತಾಯಿ ಸಾಹೇಬ. ತಪ್ಪಿ ಹೋಗಿದ್ದು: ಕಾಡು.

ಮೂರನೇ ರೀಲು
ಚರಿತ್ರೆಗೆ ಮಾರ್ಕ್ಸ್ ಕೊಡುತ್ತಿದ್ದೀರೋ ಸಿನಿಮಾಕ್ಕೋ? ಸಂಸ್ಕಾರದ ಮೊದಲ ಅರ್ಧ ಗಂಟೆ ಬರೀ ಮಾತು. ನಾರಣಪ್ಪನ ಹೆಣ ಒಳಗಿದೆ, ಯಾರು ಸುಡಬೇಕು ಅಂತ ಜಗಲಿಯಲ್ಲಿ ವಾದ. ಪುಸ್ತಕದಲ್ಲಿ ಅದು ಉರಿಯುತ್ತದೆ, ತೆರೆಯಲ್ಲಿ ನಾಟಕ ನೋಡಿದ ಹಾಗಾಗುತ್ತದೆ. ಘಟಶ್ರಾದ್ಧ ಅದೇ ಅನಂತಮೂರ್ತಿ, ಅದೇ ಮಲೆನಾಡಿನ ಅಗ್ರಹಾರ. ಆದರೆ ನಿರ್ದೇಶಕ ಗಿರೀಶ್ ಕಾಸರವಳ್ಳಿ ಅಲ್ಲಿ ಮಾತು ಕಿತ್ತು ಹಾಕಿ ಹುಡುಗನ ಕಣ್ಣು ಇಟ್ಟರು. ಬಸುರಿಯಾದ ವಿಧವೆ ಯಮುನಾ ಹುತ್ತಕ್ಕೆ ಕೈ ಹಾಕುವಾಗ ನಾಣಿ ನಿಂತು ನೋಡುತ್ತಾನಲ್ಲ, ಅಲ್ಲಿ ಯಾರೂ ಏನೂ ವಿವರಿಸುವುದಿಲ್ಲ. ಅವನಿಗೆ ಎಷ್ಟು ಅರ್ಥವಾಗಿದೆಯೋ ನಮಗೂ ಅಷ್ಟೇ. ಕೊನೆಗೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ, ಹುಡುಗ ಅಪ್ಪನ ಜೊತೆ ಹೋಗುತ್ತಾ ತಿರುಗಿ ನೋಡುತ್ತಾನೆ. ಇಪ್ಪತ್ತು ವರ್ಷದ ಹಿಂದೆ ನೋಡಿದ್ದು, ಇನ್ನೂ ಹೋಗಿಲ್ಲ.

ಇದು ಅವರ ಮೊದಲ ಸಿನಿಮಾ ಬೇರೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಮುಗಿಸಿ ಎರಡು ವರ್ಷಕ್ಕೆ.

ಘಟಶ್ರಾದ್ಧ, ತಬರ, ಚೋಮ, ದ್ವೀಪ, ಸಂಸ್ಕಾರ, ತಾಯಿ ಸಾಹೇಬ.

ಜವಾರಿ ಮಂದಿ
ಎಲ್ಲರೂ ಸೇರಿ ತಾಯಿ ಸಾಹೇಬನ್ನು ಮೂಲೆಗೆ ನೂಕಿದ್ದೀರಿ, ಆಶ್ಚರ್ಯ ಏನಿಲ್ಲ. ಆರರಲ್ಲಿ ನಾಲ್ಕು ಮಲೆನಾಡು, ಒಂದು ಕರಾವಳಿ. ಉತ್ತರ ಕರ್ನಾಟಕಕ್ಕೆ ಅಂತ ಇರುವುದು ಇದೊಂದೇ. ನಿಮಗೆ ಅಡಿಕೆ ತೋಟ, ಮಂಜು, ಜಡಿಮಳೆ ಇದ್ದರೆ ಮಾತ್ರ ಕಲೆ. ನಮ್ಮ ವಾಡೆ, ನಮ್ಮ ಮಾತು ಬಂದರೆ ಕೊನೆ ಸಾಲು.

ಜಯಮಾಲಾ ಅಂದರೆ ಡಾನ್ಸ್, ಮರ ಸುತ್ತುವ ಹಾಡು ಅಂದುಕೊಂಡವರು ಇದನ್ನು ನೋಡಬೇಕು. ತಾವೇ ದುಡ್ಡು ಹಾಕಿ ಮಾಡಿದ ಸಿನಿಮಾ. ಕಥೆಯಲ್ಲಿ ಗಂಡ ಸ್ವಾತಂತ್ರ್ಯ ಹೋರಾಟಗಾರ, ಊರಿಗೆಲ್ಲ ದೊಡ್ಡವರು. ಮನೆಯೊಳಗೆ ಹೆಂಡತಿಗೆ ಏನು ಸ್ವಾತಂತ್ರ್ಯ ಇತ್ತು? ದತ್ತು ಮಗ, ಹೊರಗಿನ ಸಂಬಂಧದ ಮಗಳು, ಅವರಿಬ್ಬರ ಪ್ರೀತಿ. ಕಾನೂನಿನ ಪ್ರಕಾರ ಅಣ್ಣ ತಂಗಿ, ರಕ್ತದಲ್ಲಿ ಅಲ್ಲ. ಈ ಗಂಟು ಬಿಡಿಸುವ ಭಾರವೆಲ್ಲ ಆ ಹೆಂಗಸಿನ ತಲೆಗೆ ಬರುತ್ತದೆ. ವೈಶಾಲಿ ಕಾಸರವಳ್ಳಿಯವರು ಮಾಡಿದ ಉಡುಪಿಗೂ ರಾಷ್ಟ್ರ ಪ್ರಶಸ್ತಿ ಬಂತು. ಒಂದೊಂದು ಸೀರೆಯಲ್ಲಿ ಕಾಲ ಗೊತ್ತಾಗುತ್ತದೆ.

ತಾಯಿ ಸಾಹೇಬ, ತಬರನ ಕಥೆ, ಚೋಮನ ದುಡಿ. ಉಳಿದಿದ್ದು ನೀವೇ ಹಂಚಿಕೊಳ್ಳಿ.

ಗಾಂಧಿ ಕ್ಲಾಸ್
ಮಳೆ ಸಿನಿಮಾ ಜಾಸ್ತಿ ಎನ್ನುವ ಮಾತು ಒಪ್ಪಿದೆ. ಆದರೆ ತಾಯಿ ಸಾಹೇಬದಲ್ಲಿ ಎರಡನೇ ಅರ್ಧ ಕೋರ್ಟಿನ ನೋಟಿಸ್ ಓದಿದ ಹಾಗೆ ಅನ್ನಿಸಿತು ನನಗೆ.

ಜವಾರಿ ಮಂದಿ
ಚಹಾ ಮಾಡಲು ಎದ್ದು ಹೋಗಿರಬೇಕು.

ರಿಟೈರ್ಡ್ ಗುಮಾಸ್ತ
ನಾನು ಇಲ್ಲಿ ಬರೆಯುವುದು ಕಡಿಮೆ. ಮಗಳು ತೋರಿಸಿದಳು, ಹಾಗಾಗಿ ಬರೆಯುತ್ತಿದ್ದೇನೆ.

ತಬರನ ಕಥೆಯನ್ನು ನಾನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ, ಊಟ ಮಾಡಿ ಅರ್ಧ ನಿದ್ದೆಯಲ್ಲಿ. ಆಗ ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಗಿತ್ತು. ಪಿಂಚಣಿಗಾಗಿ ಅಲೆಯುವ ತಬರನ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಒಂದು ಅರ್ಜಿ ಸರಿಯಾಗಿ ಬರೆದುಕೊಡಲು ಬರದವನು, ಇದ್ದಬದ್ದ ಟೇಬಲ್ಲಿಗೆಲ್ಲ ಹೋಗಿ ನಿಲ್ಲುತ್ತಾನೆ, ನಮ್ಮ ಕೆಲಸ ಕೆಡಿಸುತ್ತಾನೆ ಅಂತ. ನಿಜವಾಗಿ ಹೇಳುತ್ತಿದ್ದೇನೆ. ನಾನು ಟೇಬಲ್ಲಿನ ಆ ಕಡೆ ಇದ್ದೆ.

ನಿವೃತ್ತಿ ಆದ ಮೇಲೆ ನನ್ನದೇ ಫೈಲು ಹದಿನೇಳು ತಿಂಗಳು ತಿರುಗಿತು. ಯಾವ ಇಲಾಖೆ ಅಂತ ಬೇಡ ಬಿಡಿ. ಸೇವಾ ಪುಸ್ತಕದಲ್ಲಿ ಒಂದು ಸಹಿ ಇಲ್ಲ, ಸಹಿ ಮಾಡಬೇಕಾದ ಸಾಹೇಬರು ತೀರಿಕೊಂಡಿದ್ದಾರೆ. ಏನು ಮಾಡುವುದು? ಹೊಸದಾಗಿ ಸೇರಿದ ಹುಡುಗ 'ನಾಳೆ ಬನ್ನಿ ಸಾರ್' ಎಂದ. ಒರಟಾಗಿ ಏನಲ್ಲ, ಪಾಪ, ಮರ್ಯಾದೆಯಿಂದಲೇ ಎಂದ. ನಾನು ಸಾವಿರ ಸಲ ಹೇಳಿದ ಮಾತು ಅದು. ಆ ರಾತ್ರಿ ಸಿನಿಮಾ ಮತ್ತೆ ನೋಡಿದೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ, ತಬರ ಕಟುಕನ ಹತ್ತಿರ ಹೋಗಿ ಕಾಲು ಕತ್ತರಿಸಿಕೊಡು ಅಂತ ಕೇಳುತ್ತಾನೆ. ಟಿವಿ ಆರಿಸಿಬಿಟ್ಟೆ. ಮರುದಿನ ಉಳಿದದ್ದು ನೋಡಿದೆ.

ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು, ಸಿಗಲೇಬೇಕಿತ್ತು. ತಮಿಳಿನವರು, ಆದರೆ ನಮ್ಮ ಕಚೇರಿಯ ಕಾರಿಡಾರಿನಲ್ಲಿ ಬೆನ್ನು ಬಗ್ಗಿಸಿ ನಿಲ್ಲುವ ಮನುಷ್ಯನನ್ನು ಅವರು ಎಲ್ಲಿ ನೋಡಿದ್ದರೋ ಗೊತ್ತಿಲ್ಲ.

ನನ್ನ ಮೊದಲನೆಯದು ತಬರ. ಉಳಿದ ಕ್ರಮ ನನಗೆ ಮುಖ್ಯ ಅಲ್ಲ.

ಪೇಟೆ ಹುಡುಗಿ
ಸರ್, ಇದನ್ನು ಓದಿ ಬಸ್ಸಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ. ಪಕ್ಕದವರು ಏನಾಯಿತು ಎಂದು ಕೇಳಿದರು.

ನಾನು ಈಚೆಗೆ ನೋಡಿದವಳು. ಘಟಶ್ರಾದ್ಧ 2024ರಲ್ಲಿ ವೆನಿಸ್ ಹಬ್ಬದಲ್ಲಿ ಹೊಸದಾಗಿ ತೊಳೆದ ಪ್ರಿಂಟಿನಲ್ಲಿ ತೋರಿಸಿದರಲ್ಲ, ಆ ಸುದ್ದಿ ಓದಿ ಹುಡುಕಿದ್ದು. ಫಿಲ್ಮ್ ಹೆರಿಟೇಜ್ ಫೌಂಡೇಷನ್, ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ ಸೇರಿ ಮಾಡಿದ ಕೆಲಸ. ನನಗೆ ಸಿಕ್ಕಿದ್ದು ಮಾತ್ರ ಅದೇ ಹಳೆಯ ಮಬ್ಬು ಕಾಪಿ, ಯಮುನಾಳ ಮುಖದ ಮೇಲೆ ಗೆರೆಗಳು. ಆದರೂ ನನ್ನ ಮೊದಲನೆಯದು ಅದೇ. ಎರಡನೆಯದು ದ್ವೀಪ. ತಪ್ಪಿ ಹೋಗಿದ್ದು ಫಣಿಯಮ್ಮ. ಪ್ರೇಮಾ ಕಾರಂತರು ಮಾಡಿದ್ದು, ಅದೂ ವಿಧವೆಯ ಕಥೆಯೇ, ಆದರೆ ನೋಡುವವಳು ಹೆಂಗಸು. ಆರು ಸ್ವರ್ಣ ಕಮಲದಲ್ಲಿ ಮೂರಾದರೂ ಹೆಂಗಸರ ಸುತ್ತ ಸುತ್ತುತ್ತವೆ, ನಿರ್ದೇಶಕರು ಆರಕ್ಕೆ ಆರೂ ಗಂಡಸರು. ಯಾರೂ ಗಮನಿಸಲಿಲ್ಲವಾ?

ಮೂರನೇ ರೀಲು
ಗಮನಿಸಿರಲಿಲ್ಲ. ಫಣಿಯಮ್ಮಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಪ್ರಶಸ್ತಿ ಕೊಟ್ಟು ಕೈ ತೊಳೆದುಕೊಂಡರು.

ಕೇರಿ ಹುಡುಗ
ಚೋಮನ ದುಡಿ ಬಗ್ಗೆ ಎಲ್ಲರೂ ಎರಡು, ಮೂರು, ನಾಲ್ಕು ಅಂತ ಹಾಕಿ ಮುಂದೆ ಹೋಗುತ್ತಿದ್ದೀರಿ. ಮರ್ಯಾದೆಗೆ ಕೊಟ್ಟ ಸ್ಥಾನ ಅದು. ಯಾರೂ ಅದರ ಬಗ್ಗೆ ಒಂದು ಸಾಲು ಬರೆದಿಲ್ಲ.

ನಾನು ಬರೆಯುತ್ತೇನೆ. ವಾಸುದೇವ ರಾವ್ ಅದ್ಭುತ, ಅತ್ಯುತ್ತಮ ನಟ ಪ್ರಶಸ್ತಿ ತೆಗೆದುಕೊಂಡ ಮೊದಲ ಕನ್ನಡಿಗ, ಅದರಲ್ಲಿ ಎರಡು ಮಾತಿಲ್ಲ. ಬಿ.ವಿ. ಕಾರಂತರ ಸಂಗೀತ, ಆ ದುಡಿಯ ಸದ್ದು ಎದೆಗೆ ಬಡಿಯುತ್ತದೆ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ನಿಂತಿದ್ದಾರೆ, ಮುಟ್ಟಬಾರದು ಅಂತ ಯಾರೂ ಎತ್ತುವುದಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ.

ಆದರೆ ಯೋಚನೆ ಮಾಡಿ. ಕಾದಂಬರಿ 1933ರದು. ಸಿನಿಮಾ 1975ರದು. ನಡುವೆ ಏನೇನೋ ಆಗಿದೆ. 1974ರಲ್ಲಿ ಅರಸು ಸರ್ಕಾರದ ಭೂ ಸುಧಾರಣೆ ಜಾರಿಗೆ ಬಂತು, ಉಳುವವನೇ ಒಡೆಯ ಅಂತ ಊರೂರಲ್ಲಿ ಮಾತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಚೋಮ ಗೇಣಿದಾರ ಅಲ್ಲ, ಜೀತದವನು. ಕಾಗದದಲ್ಲಿ ಅವನ ಹೆಸರೇ ಇಲ್ಲ. ಹಾಗಾಗಿ 75ರಲ್ಲಿ ಕೂಡ ಅವನು ಎತ್ತು ಕಟ್ಟಿಕೊಂಡು ಕಾಯುವವನೇ. ಆ ದೃಷ್ಟಿಯಿಂದ ಸಿನಿಮಾ ಹಳೆಯ ಕಥೆ ಹೇಳುತ್ತಿಲ್ಲ, ಅವತ್ತಿನ ಸುದ್ದಿ ಹೇಳುತ್ತಿದೆ. ಇದು ನನ್ನ ಮೆಚ್ಚುಗೆ.

ನನ್ನ ತಕರಾರು ಇದು. ಕೊನೆಗೆ ಅವನು ದುಡಿ ಬಾರಿಸಿ ಬಾರಿಸಿ ಸಾಯುತ್ತಾನೆ, ನೋಡಿದವರು ಅತ್ತು, ಪ್ರಶಸ್ತಿ ಕೊಟ್ಟು ಮನೆಗೆ ಹೋಗುತ್ತಾರೆ. ಬರೆದವರು, ತೆಗೆದವರು, ನಟಿಸಿದವರು ಯಾರೂ ಆ ಕೇರಿಯವರಲ್ಲ. ಚೋಮ ಎಷ್ಟು ಸಲ ಸಾಯಬೇಕು ನಿಮಗೆ? ಲಿಸ್ಟ್ ಕೊಡುವುದಿಲ್ಲ ನಾನು.

ಗಾಂಧಿ ಕ್ಲಾಸ್
ಮರ್ಯಾದೆಗೆ ಎರಡನೇ ಸ್ಥಾನ ಕೊಟ್ಟಿದ್ದು ನಿಜ. ಹಿಡಿದುಬಿಟ್ಟಿರಿ.

ಕಡಲೆಕಾಯಿ ಪೊಟ್ಟಣ
ನನಗೆ ಬೇರೆಯದೇ ಒಂದು ಕೊರತೆ. ಆರಕ್ಕೆ ಆರೂ ಪುಸ್ತಕದಿಂದ ಬಂದವು. ಅನಂತಮೂರ್ತಿ ಎರಡು, ಶಿವರಾಮ ಕಾರಂತ, ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ. ಆರರಲ್ಲಿ ನಾಲ್ಕು ಒಬ್ಬರೇ ನಿರ್ದೇಶಕರು. ಹಾಗಾದರೆ ಇದು ಕನ್ನಡ ಸಿನಿಮಾದ ಹೆಮ್ಮೆಯೋ, ಕನ್ನಡ ಕಾದಂಬರಿ ಮತ್ತು ಕಾಸರವಳ್ಳಿಯವರ ಹೆಮ್ಮೆಯೋ? ನಮ್ಮ ಅಪ್ಪ ಬಂಗಾರದ ಮನುಷ್ಯ ಹನ್ನೊಂದು ಸಲ ನೋಡಿದವರು. ಅದು ಬಂದ 1972ರಲ್ಲಿ ಸ್ವರ್ಣ ಕಮಲ ಅಡೂರರ ಸ್ವಯಂವರಂಗೆ. ಪುಟ್ಟಣ್ಣನಂಥ ಪುಟ್ಟಣ್ಣನಿಗೆ ಒಂದೂ ಇಲ್ಲ! ತೆರೆ ತುಂಬಾ ಬಣ್ಣ, ಕಿವಿ ತುಂಬಾ ಹಾಡು ಕೊಟ್ಟವರಿಗೆ ಜ್ಯೂರಿ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ ಅಂತ ಕಾಣುತ್ತದೆ. ಅವಾರ್ಡ್ ಸಿನಿಮಾ ಅಂದರೆ ನಿಧಾನ ಇರಬೇಕು ಅಂತ ನಿಯಮವಾ?

ತುಂಗಾ ತೀರ
ಬಾಹುಬಲಿಗೆ ಸ್ವರ್ಣ ಕಮಲ ಕೊಟ್ಟಾಗ ಆ ನಿಯಮ ಮುರಿಯಿತಲ್ಲ. 2015ರದು. ಅದೇ ವರ್ಷ ನಮ್ಮ ತಿಥಿ ಇತ್ತು. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರವರನ್ನೇ ಇಟ್ಟು ಮಾಡಿದ ಸಿನಿಮಾ, ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಗೆದ್ದು ಬಂದಿತ್ತು. ದೆಹಲಿಯಲ್ಲಿ ಸಿಕ್ಕಿದ್ದು ಅತ್ಯುತ್ತಮ ಕನ್ನಡ ಚಿತ್ರ.

ಕಡಲೆಕಾಯಿ ಪೊಟ್ಟಣ
ಅಯ್ಯೋ, ತಿಥಿ! ಅದು ಪುಸ್ತಕದಿಂದ ಬಂದಿದ್ದಲ್ಲ, ನಿಧಾನ ಅಲ್ಲ, ಗಡ್ಡಪ್ಪ ನಡೆದುಕೊಂಡು ಹೋಗುವುದನ್ನು ನೋಡುತ್ತಾ ಕೂತರೂ ನಗು ಬರುತ್ತದೆ. ನನ್ನ 'ತಪ್ಪಿ ಹೋಗಿದ್ದು' ಅದೇ, ಬರೆದುಕೊಳ್ಳಿ. ಲಿಸ್ಟಿನಲ್ಲಿ ಮೊದಲನೆಯದು ತಬರ. ಗುಮಾಸ್ತರ ಮಾತು ಓದುವ ಮೊದಲೇ ತೀರ್ಮಾನ ಮಾಡಿದ್ದೆ, ಆಣೆಗೂ.

ಹಿನ್ನೀರು
ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತಿದ್ದೆ. 'ವಾಪಸ್ ಬಂದಾಗಲೂ ಮಳೆಯೇ' ಅನ್ನುವುದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿ ಊರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಇದೆ. ಇತ್ತು ಅಂತ ನಾವು ಹೇಳುವುದಿಲ್ಲ, ಇದೆ ಅಂತಲೇ ಹೇಳುತ್ತೇವೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನಲ್ಲಿ ಒಂದು ಅಣೆಕಟ್ಟು ಇತ್ತು, ಆ ಅಣೆಕಟ್ಟನ್ನೇ ಈ ಅಣೆಕಟ್ಟಿನ ನೀರು ನುಂಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯದು ಎದ್ದು ಕಾಣುತ್ತದೆ. ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಮುಳುಗಡೆ ಅಂದರೆ ಪ್ರವಾಹ ಅಲ್ಲ. ಪ್ರವಾಹ ಬರುತ್ತದೆ, ಹೋಗುತ್ತದೆ. ಇದು ದಿನಕ್ಕೆ ಇಷ್ಟಿಷ್ಟೇ ಏರುತ್ತದೆ. ಇವತ್ತು ಗದ್ದೆ, ನಾಳೆ ತೋಟದ ಕೆಳಗಿನ ಸಾಲು, ನಾಡಿದ್ದು ಕೊಟ್ಟಿಗೆ. ಅಜ್ಜಿ ಹೇಳುತ್ತಿದ್ದರು, ಒಂದು ಕಲ್ಲಿಗೆ ಗುರುತು ಮಾಡಿ ರಾತ್ರಿ ಮಲಗುವುದು, ಬೆಳಿಗ್ಗೆ ಎದ್ದು ಕಲ್ಲು ನೋಡುವುದು. ಅಷ್ಟೇ ಕೆಲಸ. ನೋಡುವುದು ಬಿಟ್ಟು ಬೇರೆ ಏನೂ ಇಲ್ಲ. ದ್ವೀಪವೂ ಮುಳುಗಡೆಯ ಕಥೆಯೇ. ಆ ಸಿನಿಮಾದಲ್ಲಿ ಏನೂ ಆಗುವುದಿಲ್ಲ, ಮಳೆ ಬರುತ್ತಲೇ ಇರುತ್ತದೆ ಅಂತೀರಿ. ಹೌದು, ಅದೇ ಆಗುವುದು.

ನಾಗಿ ಇಡೀ ಮನೆ ಹಿಡಿದು ನಿಲ್ಲಿಸುತ್ತಾಳೆ. ಕೊನೆಗೆ ಮಳೆ ನಿಂತಾಗ ಗಂಡ ದೇವರಿಗೆ ಕೈ ಮುಗಿಯುತ್ತಾನೆ, ಅವಳ ಹೆಸರು ಎತ್ತುವುದಿಲ್ಲ. ಸೌಂದರ್ಯ ಆಗ ದೊಡ್ಡ ಸ್ಟಾರ್, ತೆಲುಗಿನಲ್ಲಿ ಕೈ ತುಂಬಾ ಕೆಲಸ. ತಾವೇ ನಿರ್ಮಾಪಕಿಯಾಗಿ, ಮುಖಕ್ಕೆ ಬಣ್ಣ ಇಲ್ಲದೆ ಮಳೆಯಲ್ಲಿ ನಿಂತು ಮಾಡಿದ ಪಾತ್ರ. 2004ರಲ್ಲಿ ವಿಮಾನ ಬಿದ್ದು ಹೋಗಿಬಿಟ್ಟರು.

ಇನ್ನೊಂದು ಮಾತು ಯಾರೂ ಹೇಳಲಿಲ್ಲ. ದ್ವೀಪದ ದುಗ್ಗಜ್ಜ ಯಾರು ಗೊತ್ತಾ? ವಾಸುದೇವ ರಾವ್. ಚೋಮನೇ. 1975ರಲ್ಲಿ ತುಂಡು ಭೂಮಿ ಕೇಳಿ ಸಿಗದೆ ಸತ್ತವನು, 2001ರಲ್ಲಿ ಇರುವ ಭೂಮಿ ಬಿಟ್ಟು ಹೋಗು ಅಂದರೆ ಒಲ್ಲೆ ಅನ್ನುವ ಮುದುಕ. ಅದೇ ಮುಖ, ಇಪ್ಪತ್ತಾರು ವರ್ಷ ಹಳೆಯದಾಗಿ.

ಕೇರಿ ಹುಡುಗ
ಇದು ಹೊಳೆದಿರಲಿಲ್ಲ. ದುಗ್ಗಜ್ಜನಿಗೆ ಪೂಜೆಯ ಹಕ್ಕು, ಚೋಮನಿಗೆ ಗುಡಿಯ ಹೊರಗಿನ ದಾರಿ. ಇಬ್ಬರೂ ಒಂದೇ ಅಲ್ಲ. ಆದರೂ ಮುಖ ಅದೇ, ಹೌದು.

ಮೂರನೇ ರೀಲು
ಆರು ಸಿನಿಮಾ ಎಷ್ಟು ಸಲ ನೋಡಿದ್ದೇನೋ, ಇದನ್ನು ಜೋಡಿಸಿ ನೋಡಿರಲಿಲ್ಲ. ಆ ವರ್ಷ ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಕ್ಕೂ ರಾಷ್ಟ್ರ ಪ್ರಶಸ್ತಿ. ಹಸಿರು, ಬೂದು ಬಿಟ್ಟರೆ ಬೇರೆ ಬಣ್ಣ ಇಲ್ಲ ಅದರಲ್ಲಿ.

ಪೇಟೆ ಹುಡುಗಿ
ಸುಮ್ನೆ ಆಸ್ಕರ್ ಲೆಕ್ಕದಲ್ಲಿ ಎಣಿಸಿ ನೋಡಿದೆ. ಅಲ್ಲಿ ಅತ್ಯುತ್ತಮ ಚಿತ್ರಕ್ಕೆ ಜಾಸ್ತಿ ಮತ ಬಂದವರು ಗೆದ್ದರು ಅಂತಿಲ್ಲ, ಅರ್ಧಕ್ಕಿಂತ ಜಾಸ್ತಿ ಬೇಕು. ಬರದಿದ್ದರೆ ಕೆಳಗಿನವರನ್ನು ತೆಗೆದು, ಅವರಿಗೆ ಹಾಕಿದವರ ಎರಡನೇ ಆಯ್ಕೆಗೆ ಮತ ಹೋಗುತ್ತದೆ. ನಮ್ಮಲ್ಲಿ ಮೊದಲ ಆಯ್ಕೆ ಹೇಳಿದವರು ಏಳು ಜನ. ಘಟಶ್ರಾದ್ಧ 3, ತಬರ 2, ಸಂಸ್ಕಾರ 1, ತಾಯಿ ಸಾಹೇಬ 1. ಸಂಸ್ಕಾರ ತೆಗೆದರೆ ತುಂಗಾ ತೀರ ಅವರ ಮತ ತಬರನಿಗೆ. ತಾಯಿ ಸಾಹೇಬ ತೆಗೆದರೆ ಜವಾರಿ ಮಂದಿಯ ಮತವೂ ತಬರನಿಗೆ. 4 - 3. ತಬರ ಗೆದ್ದ!

ಗಾಂಧಿ ಕ್ಲಾಸ್
ಮೋಸ. ಮರು ಎಣಿಕೆ ಆಗಬೇಕು.

ಜವಾರಿ ಮಂದಿ
ಅರ್ಜಿ ಬರೆದು ಗುಮಾಸ್ತರ ಟೇಬಲ್ಲಿಗೆ ಕೊಡಿ.

ರಿಟೈರ್ಡ್ ಗುಮಾಸ್ತ
ನಾಳೆ ಬನ್ನಿ.

ಗಾಂಧಿ ಕ್ಲಾಸ್
ದ್ವೀಪ ನಿನ್ನೆ ರಾತ್ರಿ ಮತ್ತೆ ನೋಡಿದೆ. ಈ ಸಲ ಚಹಾ ಮೊದಲೇ ಮಾಡಿಟ್ಟುಕೊಂಡೆ. ನಾಲ್ಕನೇ ಸ್ಥಾನಕ್ಕೆ ತಂದಿದ್ದೇನೆ, ಸಂಸ್ಕಾರ ಐದಕ್ಕೆ ಹೋಯಿತು, ತುಂಗಾ ತೀರ ಕ್ಷಮಿಸಬೇಕು. ಚೋಮ ಎರಡರಲ್ಲೇ ಇದ್ದಾನೆ, ಆದರೆ ಈಗ ಮರ್ಯಾದೆಗೆ ಅಲ್ಲ. ಮೊದಲನೆಯದು ಮಾತ್ರ ಅಲ್ಲಾಡಿಸುವುದಿಲ್ಲ. ಹಿನ್ನೀರು, ನಿಮ್ಮ ಅಜ್ಜಿ ಈ ಸಿನಿಮಾ ನೋಡಿದ್ದಾರಾ?

ಹಿನ್ನೀರು
ಇಷ್ಟು ವರ್ಷ ಒಲ್ಲೆ ಅನ್ನುತ್ತಿದ್ದರು. ನೋಡಿದ್ದನ್ನೇ ಏನು ನೋಡುವುದು ಅಂತ. ಮೊನ್ನೆ ಸಿಗಂದೂರು ಸೇತುವೆ ಮೇಲೆ ಕಾರಿನಲ್ಲಿ ಕರೆದುಕೊಂಡು ಹೋದೆ. 2025ರ ಜುಲೈವರೆಗೆ ಲಾಂಚ್‌ಗೆ ಕಾಯಬೇಕಿತ್ತು, ಈಗ ಕೆಲವೇ ನಿಮಿಷ. ಕಿಟಕಿಯಿಂದ ನೀರು ನೋಡುತ್ತಾ ಕೂತಿದ್ದರು, ಏನೂ ಹೇಳಲಿಲ್ಲ. ವಾಪಸ್ ಬಂದ ಮೇಲೆ ಅವರೇ ಆ ಸಿನಿಮಾ ಹಾಕು ಎಂದರು.

ಪೂರ್ತಿ ನೋಡಿದರು. ಮುಗಿದ ಮೇಲೆ 'ಮಳೆ ಸರಿಯಾಗಿ ತೆಗೆದಿದ್ದಾರೆ' ಎಂದು ಹೇಳಿ ಎಲೆ ಅಡಿಕೆ ಡಬ್ಬಿ ಹುಡುಕಿಕೊಂಡು ಒಳಗೆ ಹೋದರು. ಎಷ್ಟನೇ ಸ್ಥಾನ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಗಾಂಧಿ ಕ್ಲಾಸ್
ನಾನು ಕೊನೆಗೆ ಹಾಕಿದ್ದೆ ಅಂತ ದಯವಿಟ್ಟು ಅವರಿಗೆ ಹೇಳಬೇಡಿ.